ಸೇಲಂ ಕನ್ನಡಕ್ಕೆ ಸ್ಪ್ಯಾನಿಷ್ ದೂರ ಇಲ್ಲ

ಮನೇಲಿ ಕನ್ನಡ, ಬೀದೀಲಿ ತಮಿಳು, ಕಾಲೇಜಲ್ಲಿ ಇಂಗ್ಲಿಷ್. ಸೇಲಂ, ಧರ್ಮಪುರಿ ಕಡೆಯ ದೇವಾಂಗ ನೇಕಾರರ ಮಕ್ಕಳಿಗೆ ಇದು ದಿನಾ ಇರೋದೇ. ಇದರ ಮೇಲೆ ಸ್ಪೇನ್‌ಗೆ ಓದೋಕೆ ಹೋದ್ರೆ?

ನನ್ನ ಮಾತು ಕೇಳಿ: ಸ್ಪ್ಯಾನಿಷ್‌ನ ಇಂಗ್ಲಿಷ್ ಮೂಲಕ ಕಲೀಬೇಡಿ, ಕನ್ನಡದ ಮೂಲಕ ಕಲೀರಿ. ಇಂಗ್ಲಿಷ್‌ನವರು 'ಐ ಲೈಕ್ ಕಾಫಿ' ಅಂತಾರೆ. ಸ್ಪೇನ್‌ನವರು 'ಮೆ ಗುಸ್ತಾ ಎಲ್ ಕಫೆ' ಅಂತಾರೆ, ಥೇಟ್ ನಮ್ಮ 'ನನಗೆ ಕಾಫಿ ಇಷ್ಟ' ಥರ. 'ಬರ್ತೀನಿ' ಅಂದ್ರೆ ಸಾಕು, 'ನಾನು' ಬೇಡ, ಅಲ್ಲೂ ಅಷ್ಟೇ. ತ, ದ ಕೂಡ ನಮ್ಮ ಹಾಗೇ ಹಲ್ಲಿಗೆ ತಾಗುತ್ತೆ. ನೀನು, ನೀವು ಇದ್ದ ಹಾಗೆ ಅವರಿಗೆ 'ತು', 'ಉಸ್ತೆದ್'. ಆದ್ರೆ ಸ್ಪೇನ್‌ನಲ್ಲಿ ಎಷ್ಟೋ ಮೇಷ್ಟ್ರನ್ನೂ 'ತು' ಅಂತಾನೇ ಕರೀತಾರೆ. ನಮಗೆ ಅದಕ್ಕೆ ನಾಲಿಗೆ ಹೊರಳೋದೇ ಕಷ್ಟ!

ಭಾಷೆ ಆಯ್ತು, ಇನ್ನು ಊಟ: ಅಲ್ಲಿ ಮಧ್ಯಾಹ್ನ ಎರಡರ ಮೇಲೆ, ರಾತ್ರಿ ಒಂಬತ್ತರ ಮೇಲೆ. ತೋರ್ತಿಯಾ ಕೇಳಿದ್ರೆ ರೊಟ್ಟಿ ಬರಲ್ಲ, ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ ಬರುತ್ತೆ. ಮೊಟ್ಟೆ ತಿನ್ನದವರು ಹುಷಾರು.

ಕಾಗದಪತ್ರ ಮಾತ್ರ ಸಲೀಸಲ್ಲ. ಆರು ತಿಂಗಳಿಗಿಂತ ಹೆಚ್ಚು ಇರೋದಾದ್ರೆ, ಇಳಿದ ಒಂದು ತಿಂಗಳೊಳಗೆ ಟಿಐಇ ಅನ್ನೋ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ನಗರಸಭೇಲಿ ವಿಳಾಸಾನೂ ನೋಂದಾಯಿಸಬೇಕು, ಅದಕ್ಕೆ ಬಾಡಿಗೆ ಕರಾರು ಕೇಳ್ತಾರೆ. ಕರಾರಿಲ್ಲದ ಅಗ್ಗದ ರೂಮಿಗೆ ಮರುಳಾಗಬೇಡಿ. ಪದವಿ ಪ್ರಮಾಣಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆಯನ್ನ ಊರು ಬಿಡೋ ಮೊದಲೇ ಹಾಕಿಸ್ಕೊಳ್ಳಿ.