ಮತ ಕೊಡುವ ಕ್ರಮ

1951-52ರಲ್ಲಿ ನಡೆದ ನಮ್ಮ ದೇಶದ ಪ್ರಥಮ ಮಹಾಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಸ್ತ್ರೀಯರು ಬಿಟ್ಟುಹೋದರು. ಸ್ವಂತ ಹೆಸರನ್ನು ಹೇಳದೆ ಇಂಥವರ ಪತ್ನಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ್ದುದು ಇದಕ್ಕೆ ಕಾರಣವಾಯಿತು. ಆದಕಾರಣ, ನಮ್ಮ ಹಾಜರಿಪುಸ್ತಕದಲ್ಲಿ ಪ್ರತಿದಿನವೂ ತಮ್ಮ ಹೆಸರಿಗೆ ಓಗೊಟ್ಟ ಹಳೆಯ ವಿದ್ಯಾರ್ಥಿನಿಯರು ಆ ಹೆಸರು ಪಟ್ಟಿಯಲ್ಲಿಯೂ ಇರುವುದೋ ಎಂದು ಮೊದಲು ನೋಡಿಕೊಳ್ಳತಕ್ಕದ್ದು. ಇಲ್ಲವಾದರೆ, 18 ವರುಷ ತುಂಬಿದವರು 6ನೆಯ ನಮೂನೆಯನ್ನು ಕೊಡಬೇಕು. ಮದುವೆಯಾಗಿ ಬೇರೆ ಊರಿಗೆ ಹೋದವರು 8ನೆಯದನ್ನು.

ಮತಗಟ್ಟೆಯಲ್ಲಿ ಗುರುತಿನ ಚೀಟಿಯನ್ನು ನೋಡಿ ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚುವರು. (ಇದು ನಮ್ಮ ಮೈಸೂರಿನಲ್ಲಿಯೇ ತಯಾರಾಗುವ ಶಾಯಿ.) ಬಳಿಕ ಮರೆಯೊಳಗೆ ಅಭ್ಯರ್ಥಿಯ ಹೆಸರಿನೆದುರಿನ ನೀಲಿ ಗುಂಡಿಯನ್ನು ಒತ್ತಿದರೆ, ಪಕ್ಕದ ಯಂತ್ರದ ಗಾಜಿನೊಳಗೆ ಚೀಟಿಯೊಂದು 7 ಸೆಕೆಂಡು ಕಾಣುವುದು. ಅವಸರಪಡದೆ ಓದಿಕೊಳ್ಳಿರಿ.

ಮನೆಯಲ್ಲಿ ಅಂಧರೂ ಅಶಕ್ತರೂ ಇದ್ದರೆ, ಇವರಿಗೇಕೆ ಈ ಶ್ರಮವೆನ್ನುವ ಬಂಧುಗಳ ಮಾತನ್ನು ನಾವು ಸರ್ವಥಾ ಒಪ್ಪೆವು. ಯಂತ್ರದ ಮೇಲೆ ಬ್ರೈಲ್ ಅಂಕಿಗಳಿವೆ. ಬೆರಳಿನಿಂದ ಓದಬಲ್ಲವರು ಬ್ರೈಲ್ ಮಾದರಿ ಮತಪತ್ರವನ್ನು ಕೇಳಿ ಪಡೆದು, ತಾವಾಗಿಯೇ ಗುಂಡಿಯನ್ನು ಒತ್ತಬಹುದು. ಅದು ಆಗದವರು ಅಧಿಕಾರಿಯ ಒಪ್ಪಿಗೆಯಿಂದ 18 ವರುಷಕ್ಕೆ ಕಡಿಮೆಯಿಲ್ಲದ ಒಬ್ಬರನ್ನು ಒಳಗೆ ಕರೆದೊಯ್ಯಬಹುದು. ಆ ಜೊತೆಗಾರರು ಗುಟ್ಟನ್ನು ಕಾಪಾಡುವೆನೆಂದು ಬರೆದುಕೊಡಬೇಕು. ಅದೇ ದಿನ ಇನ್ನೊಬ್ಬರಿಗೆ ಜೊತೆಯಾಗಕೂಡದು. ಯಾರಿಗೆ ಮತವೆಂಬುದನ್ನು ನಿರ್ಣಯಿಸುವವರು ಮತದಾರರೇ ಹೊರತು ಜೊತೆಗೆ ಬಂದ ಮಗನಲ್ಲ, ಸೊಸೆಯೂ ಅಲ್ಲ.

ನೂರಕ್ಕೆ 40ರಷ್ಟಾದರೂ ಅಂಗವೈಕಲ್ಯವುಳ್ಳವರು ಮತ್ತು 85 ವರುಷ ದಾಟಿದವರು ಮನೆಯಲ್ಲಿಯೇ ಮತ ಕೊಡಬಯಸಿದರೆ, ಅಧಿಸೂಚನೆ ಹೊರಟ 5 ದಿನಗಳೊಳಗೆ 12-ಡಿ ನಮೂನೆಯನ್ನು ಸಲ್ಲಿಸತಕ್ಕದ್ದು. ಹಾಗೆ ಒಪ್ಪಿಗೆ ಪಡೆದವರಿಗೆ ಆಮೇಲೆ ಮತಗಟ್ಟೆಯಲ್ಲಿ ಮತ ಕೊಡಲು ಬರುವುದಿಲ್ಲ.