ನೆತ್ತಿಯ ಮೇಲೆ ಸೂರ್ಯ, ವರ್ಷಕ್ಕೆ ಎರಡೇ ಸಲ

"ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ." ಮಕ್ಕಳಿಗೆ ಈ ಮಾತು ಹೇಳಿಕೊಡದ ಮನೆ ಬೆಂಗಳೂರಿನ ಇಟ್ಟಮಡುವಿನಲ್ಲಿ ಸಿಗುವುದು ಕಷ್ಟ. ಆದರೆ ಬೆಂಗಳೂರಿನಲ್ಲಿ ಸೂರ್ಯ ನಿಜಕ್ಕೂ ನೆತ್ತಿಯ ಮೇಲೆ ಬರುವುದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಾತ್ರ. ಆಗಲೂ ಸರಿಯಾಗಿ ಹನ್ನೆರಡಕ್ಕಲ್ಲ. ಏಪ್ರಿಲ್‌ನಲ್ಲಿ ಸುಮಾರು 12.17ಕ್ಕೆ, ಆಗಸ್ಟ್‌ನಲ್ಲಿ ಸುಮಾರು 12.24ಕ್ಕೆ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿವೆ, ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ವರ್ಷದ ಉಳಿದ ಭಾಗದಲ್ಲಿ ಉತ್ತರಕ್ಕೆ.

ಇದೆಲ್ಲ ಏಳು ವರ್ಷದ ಮಗುವಿಗೆ ಹೇಗೆ ಅರ್ಥವಾದೀತು ಎನ್ನುತ್ತಾರೆ. "ಇಷ್ಟು ಚಿಕ್ಕವರಿಗೆ ವಿಜ್ಞಾನ ಯಾಕೆ, ದೊಡ್ಡ ಕ್ಲಾಸಿಗೆ ಹೋದ ಮೇಲೆ ಹೇಗೂ ಇದೆಯಲ್ಲ" ಎಂಬುದು ಪಾಲಕರಲ್ಲಿ ಬೇರೂರಿರುವ ನಂಬಿಕೆ. ರೇಖಾಂಶ, ಅಕ್ಷಾಂಶ ಆ ವಯಸ್ಸಿಗೆ ಬೇಡ ಎನ್ನುವುದು ನಿಜ. ನೆರಳು ಬೇಕು. ತಾರಸಿಯ ಮೇಲೆ ಒಂದು ಮುದ್ದೆ ಮಣ್ಣಿಗೆ ಪೊರಕೆಕಡ್ಡಿ ಚುಚ್ಚಿ ನಿಲ್ಲಿಸಿ, ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಸೂರ್ಯನನ್ನು ನೇರವಾಗಿ ನೋಡಬಾರದು ಎಂದು ಮಾತ್ರ ಮೊದಲೇ ಹೇಳಿರಬೇಕು. ಮುಂದಿನ ಗುರುತು ಎಲ್ಲಿ ಬೀಳಬಹುದು ಎಂದು ಮಗು ಊಹಿಸಿ, ಕಾದು, ಅಳೆದು, ಬರೆದಿಟ್ಟರೆ ಅದು ಪೂರ್ಣ ಪ್ರಮಾಣದ ವಿಜ್ಞಾನವೇ. ನಮ್ಮ ರಾಜ್ಯದ ಪ್ರಾಥಮಿಕ ತರಗತಿಗಳ ಪರಿಸರ ಅಧ್ಯಯನದಲ್ಲಿ ಇದಕ್ಕೆ ಜಾಗವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಹಬ್ಬಿದ ನಲಿ-ಕಲಿ ಪದ್ಧತಿಯ ಜೀವಾಳವೂ ಮಗು ತಾನೇ ಮಾಡಿ ಕಲಿಯುವುದು.

ಚಿಕ್ಕವರಿಗೆ ವಿಜ್ಞಾನ ಬೇಡ ಎನ್ನುವುದಕ್ಕಿಂತ ಹೆಚ್ಚು ಹಾನಿ ಮಾಡುವ ಇನ್ನೊಂದು ನಂಬಿಕೆಯಿದೆ. ಅದನ್ನು ಒಳ್ಳೆಯ ಶಿಕ್ಷಕರಲ್ಲೂ ಕಾಣುತ್ತೇನೆ: ಮಗು ತಪ್ಪು ಹೇಳಿದ ತಕ್ಷಣ ಸರಿ ಉತ್ತರ ಹೇಳಿಬಿಟ್ಟರೆ ತಪ್ಪು ಹೋಗುತ್ತದೆ ಎಂಬುದು. ಹೋಗುವುದಿಲ್ಲ. ಅಮೆರಿಕದ ಪ್ರಾಥಮಿಕ ಶಾಲೆಯ ಮಕ್ಕಳ ಬಗ್ಗೆ 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಭೂಮಿ ದುಂಡಗಿದೆ ಎಂದು ಒಪ್ಪಿಕೊಂಡ ಕೆಲವು ಮಕ್ಕಳೇ ಟೊಳ್ಳು ಚೆಂಡಿನೊಳಗೆ ಸಮತಟ್ಟು ನೆಲವನ್ನು ಕಲ್ಪಿಸಿಕೊಂಡು ಜನರನ್ನು ಅಲ್ಲಿ ನಿಲ್ಲಿಸಿದ್ದರು. ಕೆಲವು ವರ್ಷಗಳ ನಂತರ ಹೈದರಾಬಾದಿನ ಮಕ್ಕಳನ್ನು ಮಾತನಾಡಿಸಿದಾಗ, ಹಲವರ ಭೂಮಿ ನೀರಿನ ಮೇಲೆ ನಿಂತಿತ್ತು. ಕೇಳಿದ ಪಾಠವನ್ನು ಮಕ್ಕಳು ಎಸೆದಿರಲಿಲ್ಲ, ತಾವು ಕಂಡ ನೆಲಕ್ಕೂ ಮನೆಯಲ್ಲಿ ಕೇಳಿದ ಕಥೆಗೂ ಅದನ್ನು ಹೊಂದಿಸಿಕೊಂಡಿದ್ದರು. ಆ ಹೊಂದಾಣಿಕೆಯ ಹಿಂದೆ ಬುದ್ಧಿ ಇದೆ. ಅದನ್ನು ಪೆದ್ದುತನ ಎಂದು ನಕ್ಕರೆ ಮಗು ಯೋಚಿಸುವುದನ್ನು ಬಿಡುವುದಿಲ್ಲ, ಯೋಚಿಸಿದ್ದನ್ನು ಹೇಳುವುದನ್ನು ಬಿಡುತ್ತದೆ.

"ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ" ಎಂದು ಬಹುತೇಕ ಮಕ್ಕಳು ನಂಬಿರುತ್ತಾರೆ. ಸಾಂದ್ರತೆಯ ವ್ಯಾಖ್ಯೆ ಇದನ್ನು ಅಲುಗಾಡಿಸದು. ಬಕೆಟ್ ನೀರಿಗೆ ಒಂದು ತೆಂಗಿನಕಾಯಿ, ಒಂದು ಹುಣಸೆಬೀಜ ಹಾಕಿ ನೋಡಲಿ. ಕಾಯಿ ತೇಲುತ್ತದೆ, ಬೀಜ ತಳ ಸೇರುತ್ತದೆ. ಆಮೇಲೆ ಜೇಡಿಮಣ್ಣಿನ ಉಂಡೆ ಹಾಕಲಿ, ಮುಳುಗುತ್ತದೆ. ಅದೇ ಮಣ್ಣನ್ನು ತೆಳ್ಳಗೆ ತಟ್ಟಿ, ಅಂಚು ಎತ್ತಿ ಬಟ್ಟಲು ಮಾಡಿ ಮೆಲ್ಲನೆ ಇಟ್ಟರೆ ತೇಲುತ್ತದೆ. ತೂಕ ಅಷ್ಟೇ ಇದೆ, ಆಕಾರ ಬದಲಾಯಿತು, ಪಕ್ಕಕ್ಕೆ ಸರಿಸಿದ ನೀರು ಹೆಚ್ಚಾಯಿತು. ಇಲ್ಲಿ ದೊಡ್ಡವರು ಬಾಯಿ ಬಿಡದಿರುವುದೇ ಕಷ್ಟದ ಕೆಲಸ. ಮಗು ತಾನಾಗಿ "ಹಂಗಾದ್ರೆ…" ಎನ್ನುವವರೆಗೆ ಕಾಯಬೇಕು.

ಬೀಜ ಮೊಳೆಯಲು ಬಿಸಿಲು ಬೇಕೇಬೇಕು ಎನ್ನುವವರಿಗೆ ಅಡುಗೆಮನೆಯೇ ಉತ್ತರ ಕೊಡುತ್ತದೆ. ಒದ್ದೆಬಟ್ಟೆಯಲ್ಲಿ ಕಟ್ಟಿ ಡಬ್ಬದಲ್ಲಿಟ್ಟ ಹೆಸರುಕಾಳು ಕತ್ತಲಲ್ಲೇ ಮೊಳೆಯುತ್ತದೆ. ಅದನ್ನು ಹಾಗೇ ಕತ್ತಲಲ್ಲಿ ಬೆಳೆಯಬಿಟ್ಟರೆ ಬಿಳಿಚಿಕೊಂಡು ಉದ್ದವಾಗುತ್ತದೆ. ಬೆಳಕು ಬೇಕಾಗುವುದು ಆಮೇಲೆ, ತನ್ನ ಆಹಾರ ತಾನೇ ಮಾಡಿಕೊಳ್ಳಲು.

ಇನ್ನು ತಂತ್ರಜ್ಞಾನ. ಅದೆಂದರೆ ಟ್ಯಾಬ್, ಕೋಡಿಂಗ್ ಕ್ಲಾಸು, ದುಬಾರಿ ಕಿಟ್ಟು ಎಂದು ನಂಬಿಸಲಾಗಿದೆ. ಕಿಟ್ಟು ಕೆಟ್ಟದ್ದಲ್ಲ, ಅಗತ್ಯವೂ ಅಲ್ಲ. ಇಟ್ಟಮಡುವಿನ ಮಗುವಿನ ಕಣ್ಣೆದುರಿಗಿರುವ ತಂತ್ರಜ್ಞಾನ ಸಂಪು, ಮೋಟರು, ಮೇಲಿನ ಟ್ಯಾಂಕು. ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ. ಟ್ಯಾಂಕನ್ನು ಮೇಲೆಯೇ ಯಾಕೆ ಇಟ್ಟಿದ್ದಾರೆ, ಕೆಳಮಹಡಿಯ ನಲ್ಲಿಯಲ್ಲಿ ನೀರು ಯಾಕೆ ಜೋರು ಎಂದು ಕೇಳಿ. ಎರಡು ಬಾಟಲಿ, ಒಂದು ಪೈಪು ಇದ್ದರೆ ಮಗು ಅದರ ಮಾದರಿ ಮಾಡುತ್ತದೆ.

"ವಿಜ್ಞಾನ ಇಂಗ್ಲಿಷಿನಲ್ಲೇ ಆಗಬೇಕು" ಎಂಬ ಭಯಕ್ಕೆ ಆಧಾರವಿಲ್ಲ. ತನ್ನ ಭಾಷೆಯಲ್ಲಿ ಊಹೆಯನ್ನು ಹೇಳಲಾಗದ ಮಗು ಊಹೆ ಮಾಡುವುದನ್ನೇ ಕಡಿಮೆ ಮಾಡುತ್ತದೆ. ಪದಗಳನ್ನು ಮುಂದೆ ಇಂಗ್ಲಿಷಿನಲ್ಲಿ ಕಲಿಯಬಹುದು. ಇಟ್ಟಮಡುವಿನಿಂದ ಹೆಚ್ಚು ದೂರವಿಲ್ಲದ ಬನಶಂಕರಿ 2ನೇ ಹಂತದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದೆ. ಅದರ 'ಬಾಲವಿಜ್ಞಾನ' ಮಾಸಪತ್ರಿಕೆ ಬರುವುದು ಕನ್ನಡದಲ್ಲಿ. ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಅವರಂಥವರು ಕಷ್ಟದ ವಿಷಯಗಳನ್ನೂ ಕನ್ನಡದಲ್ಲೇ ಬರೆದು ತೋರಿಸಿದ್ದಾರೆ.

ಕೊನೆಯದು, ಪುಸ್ತಕದಲ್ಲಿ ಅಚ್ಚಾದ ಅಂಕಿ ಎಲ್ಲ ಊರಿಗೂ ಒಂದೇ ಎಂಬ ನಂಬಿಕೆ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಶಿಕ್ಷಕಿ ಥರ್ಮಾಮೀಟರ್ ಹಿಡಿದು ಮಕ್ಕಳನ್ನು ದೂರ ನಿಲ್ಲಿಸಿ ಓದಿಸಿದರೆ ಅವರು 97 ಎಂದೇ ಬರೆದುಕೊಳ್ಳುತ್ತಾರೆ. ಅದಕ್ಕೆ ಕೆಂಪು ಶಾಯಿಯ ಗೀಟು ಹಾಕಬೇಡಿ. ಮಂಗಳೂರಿನ ಶಾಲೆಯಲ್ಲಿ ಇದನ್ನೇ ಮಾಡಿದರೆ ಎಷ್ಟು ಬರಬಹುದು ಎಂದು ಕೇಳಿ.