ದಾವಣಗೆರೆ–ಹರಿಹರ ಪ್ರದೇಶದ ಹಳೆಯ ಉಡುಗೆ-ತೊಡುಗೆಗಳ ಕಾಲನಿರ್ಣಯ

ಹಳೆಯ ಸೀರೆ, ಕುಬುಸ, ಗಿಲೀಟು ಒಡವೆ ಮತ್ತು ಚಿನ್ನ-ಬೆಳ್ಳಿಯ ಆಭರಣಗಳು ಯಾವ ಕಾಲದಲ್ಲಿ ತಯಾರಾದವು ಎಂಬುದನ್ನು ಅವುಗಳ ವಸ್ತು, ಕೆಲಸಗಾರಿಕೆ, ಮುದ್ರೆ ಹಾಗೂ ಬರಹಗಳ ಆಧಾರದಿಂದ ಗುರುತಿಸುವ ಕ್ರಮವನ್ನು ಉಡುಗೆ-ತೊಡುಗೆಗಳ ಕಾಲನಿರ್ಣಯ ಎನ್ನಲಾಗುತ್ತದೆ. ದಾವಣಗೆರೆ ನಗರ ಮತ್ತು ಹರಿಹರದ ಮನೆಗಳಲ್ಲಿ ಉಳಿದಿರುವ ಇಂತಹ ವಸ್ತುಗಳಿಗೆ ಅನ್ವಯವಾಗುವ ಮುಖ್ಯ ಆಧಾರಗಳನ್ನು ಈ ಲೇಖನ ವಿವರಿಸುತ್ತದೆ.

ಹಿನ್ನೆಲೆ

ಹತ್ತಿಯ ವ್ಯಾಪಾರ ಮತ್ತು ಬಟ್ಟೆ ಗಿರಣಿಗಳಿಂದಾಗಿ ದಾವಣಗೆರೆಯು ಇಪ್ಪತ್ತನೆಯ ಶತಮಾನದಲ್ಲಿ 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಹೆಸರಾಗಿತ್ತು. ಕಾಲಕ್ರಮದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹದಿನಾಲ್ಕು ಕಿಲೋಮೀಟರಿನಷ್ಟು ದೂರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಹರಿಹರವು 1956ರ ಏಕೀಕರಣದವರೆಗೆ ಮೈಸೂರಿನ ಗಡಿಯ ಊರು. ನದಿಯ ಆಚೆಗಿನ ರಾಣೇಬೆನ್ನೂರು ಆಗ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹೀಗಾಗಿ ಇಲ್ಲಿಯ ಪೆಟ್ಟಿಗೆಗಳಲ್ಲಿ ಉತ್ತರದ ಇಳಕಲ್ ಸೀರೆ, ಗುಳೇದಗುಡ್ಡದ ಕಣ, ಪೂರ್ವದ ಮೊಳಕಾಲ್ಮೂರು ರೇಷ್ಮೆ ಮತ್ತು ಗಿರಣಿ ಬಟ್ಟೆ ಒಟ್ಟಿಗೆ ದೊರೆಯುತ್ತವೆ.

ಕಾಲನಿರ್ಣಯದ ತತ್ತ್ವ

ಪ್ರಾಚೀನ ಕವಿಗಳ ಕಾಲವನ್ನು ನಿರ್ಧರಿಸುವಾಗ ಪೂರ್ವಮಿತಿ ಮತ್ತು ಉತ್ತರಮಿತಿಗಳನ್ನು ಗೊತ್ತುಪಡಿಸುವಂತೆ ವಸ್ತುಗಳಿಗೂ ಎರಡು ಮಿತಿಗಳನ್ನು ಹಾಕಬೇಕಾಗುತ್ತದೆ. ಒಂದು ಒಡವೆಯಲ್ಲಿರುವ ಭಾಗಗಳ ಪೈಕಿ ಅತ್ಯಂತ ಈಚಿನದು ಯಾವುದೋ ಅದೇ ಆ ಒಡವೆಯ ಪೂರ್ವಮಿತಿ. ಒಡವೆ ಅದಕ್ಕಿಂತ ಹಿಂದೆ ಈಗಿನ ರೂಪದಲ್ಲಿ ಇದ್ದಿರಲಾರದು. ಹಳೆಯ ನಾಣ್ಯ, ಹಳೆಯ ಮಾದರಿ ಅಥವಾ ಮಾಸಿದ ಬಣ್ಣ ಮಾತ್ರದಿಂದ ವಸ್ತು ಹಳೆಯದೆಂದು ಸಿದ್ಧವಾಗುವುದಿಲ್ಲ. ದುರಸ್ತಿಯಲ್ಲಿ ಸೇರಿದ ಭಾಗವನ್ನು ಮೂಲ ಭಾಗದಿಂದ ಬೇರ್ಪಡಿಸಿ ನೋಡುವುದೂ ಅವಶ್ಯಕ.

ಬಟ್ಟೆಗಳು

ಗಿರಣಿ ಬಟ್ಟೆಯ ಅಂಚಿನಲ್ಲಿ ಅಥವಾ ಥಾನಿನ ಕೊನೆಯಲ್ಲಿ ಗಿರಣಿಯ ಹೆಸರು, ಅಳತೆ, ಬೆಲೆಗಳ ಅಚ್ಚು ಉಳಿದಿದ್ದರೆ ಅದು ಬಹು ಬೆಲೆಯುಳ್ಳ ಆಧಾರ. ಬೆಲೆ ರೂಪಾಯಿ-ಆಣೆ-ಪೈಗಳಲ್ಲಿದ್ದರೆ ಅದು 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಬರುವುದಕ್ಕೆ ಹಿಂದಿನದು, ಅಥವಾ ಬದಲಾವಣೆಯ ಆಸುಪಾಸಿನದು. 'ನಯಾ ಪೈಸೆ' ಎಂದಿದ್ದರೆ 1957 ಮತ್ತು 1964ರ ನಡುವಿನದು. ಉದ್ದವನ್ನು ಗಜಗಳಲ್ಲಿ ಹೇಳಿದ್ದರೆ, 1956ರ ಕಾಯ್ದೆಯ ಮೇರೆಗೆ ಮೆಟ್ರಿಕ್ ಅಳತೆ ಹಂತಹಂತವಾಗಿ ಜಾರಿಗೆ ಬರುವ ಮುಂಚಿನದೆಂದು ಊಹಿಸಬಹುದು. ಆಡುಮಾತಿನಲ್ಲಿ ಗಜದ ಲೆಕ್ಕ ಬಹುಕಾಲ ಉಳಿಯಿತು. ಆದುದರಿಂದ ಹೇಳಿಕೆಗಿಂತ ಅಚ್ಚು ಹೆಚ್ಚು ವಿಶ್ವಾಸಾರ್ಹ.

ನೂಲಿನ ಗುರುತಿಗಾಗಿ ಅಂಚಿನಿಂದ ಬಿಚ್ಚಿದ ಒಂದೇ ಎಳೆಯನ್ನು ಸುಟ್ಟು ನೋಡುವುದು ರೂಢಿ. ಹತ್ತಿಯು ಕಾಗದದ ವಾಸನೆಯೊಡನೆ ಉರಿದು ಮೃದುವಾದ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಿಗೆ ಪುಡಿಯಾಗುವ ಕರಿಯ ಗಂಟಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಪಾಲಿಯೆಸ್ಟರನ್ನು ಮೊದಲು ಎಳೆಯಾಗಿ ತಯಾರಿಸಿದ್ದು 1941ರಲ್ಲಿ. ಇಲ್ಲಿಯ ಪೇಟೆಗಳಲ್ಲಿ ಟೆರಿಲೀನ್, ಟೆರಿಕಾಟ್ ಬಟ್ಟೆಗಳು ಬಳಕೆಗೆ ಬಂದದ್ದು 1960ರ ದಶಕದ ನಂತರ. 'ಅಜ್ಜಿಯ ಮದುವೆಯ ಸೀರೆ'ಯ ಎಳೆ ಮಣಿಯಾದರೆ ಅಜ್ಜಿಯ ಮದುವೆಯ ಇಸವಿಯನ್ನು ಮತ್ತೊಮ್ಮೆ ವಿಚಾರಿಸುವುದು ಒಳಿತು. ವಿಸ್ಕೋಸ್ ಎಂಬ ಕೃತಕ ರೇಷ್ಮೆ ಮಾತ್ರ ಮರದ ತಿರುಳಿನಿಂದಾದುದರಿಂದ ಹತ್ತಿಯಂತೆಯೇ ಉರಿಯುತ್ತದೆ. ಇದೇ ಬಗೆಯ ತಿರುಳನ್ನು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು 1970ರ ದಶಕದಲ್ಲಿ ನದಿಯ ಆಚೆ ಕುಮಾರಪಟ್ಟಣದಲ್ಲಿ ಆರಂಭವಾಯಿತು. ಆದರೆ ವಿಸ್ಕೋಸನ್ನು ಕಂಡುಹಿಡಿದದ್ದು 1892ರಲ್ಲಿ ಇಂಗ್ಲೆಂಡಿನಲ್ಲಿ. ಅದರ ಎಳೆ ಇದ್ದ ಮಾತ್ರಕ್ಕೆ ಸೀರೆ ಈಚಿನದೆನ್ನಲಾಗದು.

ಅಪ್ಪಟ ಜರಿಯಲ್ಲಿ ರೇಷ್ಮೆ ಎಳೆಯ ಸುತ್ತ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತದೆ. ಸವೆದಲ್ಲಿ ಬಿಳಿ ಕಾಣುತ್ತದೆ. ತಾಮ್ರದ ಜರಿ ಸವೆದರೆ ಕೆಂಪು ಕಾಣುತ್ತದೆ. ಪ್ಲಾಸ್ಟಿಕ್ ಹಾಳೆಯ ಜರಿ ಚಪ್ಪಟೆಯಾಗಿದ್ದು ಬೆಂಕಿಗೆ ಮುದುಡುತ್ತದೆ. ಇದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ್ದು. ಇಳಕಲ್ ಸೀರೆಯಲ್ಲಿ ಒಡಲಿನ ಮತ್ತು ಸೆರಗಿನ ಹಾಸುನೂಲುಗಳನ್ನು ಕೊಂಡಿ ಹಾಕಿ ಸೇರಿಸಲಾಗುತ್ತದೆ. ಕೊಂಡಿಯ ಸಾಲು ಕಂಡರೆ ಅದು ಕೈಮಗ್ಗದ ಸಂಪ್ರದಾಯದ ಸೀರೆ. ಒಡಲಿನಿಂದ ಸೆರಗಿಗೆ ಹಾಸುನೂಲು ಬದಲಾಗದಿದ್ದರೆ ಅದು ಮಾದರಿಯ ಅನುಕರಣೆ.

ಆಭರಣಗಳು

ನಾಣ್ಯಗಳನ್ನು ಪೋಣಿಸಿದ ಸರಗಳಲ್ಲಿ ಅತ್ಯಂತ ಈಚಿನ ನಾಣ್ಯವೇ ಪೂರ್ವಮಿತಿ. ರೂಪಾಯಿಯ ಮೇಲೆ ವಿಕ್ಟೋರಿಯಾ 'ರಾಣಿ' ಎಂದಿದ್ದರೆ 1876ರವರೆಗಿನದು. 'ಸಾಮ್ರಾಜ್ಞಿ' ಎಂದಿದ್ದರೆ 1877ರಿಂದ ಈಚಿನದು. ಏಳನೆಯ ಎಡ್ವರ್ಡನ ನಾಣ್ಯಗಳು 1903ರಿಂದ 1910ರವರೆಗೆ, ಐದನೆಯ ಜಾರ್ಜನವು 1911ರಿಂದ ಬಂದವು. ಇಲ್ಲಿ ಒಂದು ಎಚ್ಚರಿಕೆ ಬೇಕು: 1862 ಎಂಬ ಇಸವಿಯ ರೂಪಾಯಿಗಳನ್ನು ಮುಂದಿನ ಹಲವು ವರ್ಷ ಅದೇ ಇಸವಿಯೊಡನೆ ಟಂಕಿಸಲಾಗಿತ್ತು. 1940ರಿಂದ ರೂಪಾಯಿಯಲ್ಲಿ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕ್ಕಲ್ಲಿನದು.

ಚಿನ್ನದ ಮೇಲಿನ ಸರ್ಕಾರಿ ನಿಯಮಗಳೂ ಕಾಲವನ್ನು ಸೂಚಿಸುತ್ತವೆ. 1963ರ ಜನವರಿಯಲ್ಲಿ ಬಂದ ಚಿನ್ನದ ನಿಯಂತ್ರಣದಲ್ಲಿ ಹೊಸ ಒಡವೆಗೆ 14 ಕ್ಯಾರಟ್ಟಿನ ಮಿತಿ ಇತ್ತು. 1966ರಲ್ಲಿ ಅದನ್ನು ಸಡಿಲಿಸಲಾಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಯಿತು. ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ಚಿನ್ನಕ್ಕೆ 2000ದಲ್ಲಿ ಆರಂಭವಾಯಿತು. ಮೊದಲ ವರ್ಷಗಳ ಮುದ್ರೆಯಲ್ಲಿ ವರ್ಷಸೂಚಕವಾದ ಇಂಗ್ಲಿಷ್ ಅಕ್ಷರವಿತ್ತು. 'ಎ' ಎಂದರೆ 2000, 'ಜೆ' ಎಂದರೆ 2008. ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇದ್ದರೆ ಮುದ್ರೆ 2021ರ ಜುಲೈ ನಂತರದ್ದು. ಮುದ್ರೆಯು ಮುದ್ರೆ ಒತ್ತಿದ ಕಾಲವನ್ನಷ್ಟೇ ಹೇಳುತ್ತದೆ.

ಗಿಲೀಟು ಒಡವೆಯ ಒಳಲೋಹ ಸಾಮಾನ್ಯವಾಗಿ ಹಿತ್ತಾಳೆ ಅಥವಾ ತಾಮ್ರ. ಕೊಂಡಿ, ತಿರುಪುಗಳ ಸಂದಿಯಲ್ಲಿ ಹಸಿರು ಕಿಲುಬು ಕಟ್ಟುವುದು ಅದರ ಲಕ್ಷಣ. ಕಲ್ಲುಗಳಲ್ಲಿ, 'ಅಮೆರಿಕನ್ ಡೈಮಂಡ್' ಎಂದು ಕರೆಯುವ ಜಿರ್ಕೋನಿಯಾ ವ್ಯಾಪಾರಕ್ಕೆ ಬಂದದ್ದು 1970ರ ದಶಕದ ಉತ್ತರಾರ್ಧದಲ್ಲಿ. ಮೂಲ ಕಟ್ಟಿನಲ್ಲಿ ಅದಿರುವ ಬೆಂಡೋಲೆ ಅದಕ್ಕೂ ಹಿಂದಿನದಾಗಿರಲಾರದು. ಕೃತಕ ಕೆಂಪು ಕಲ್ಲಿನ ತಯಾರಿಕೆಯನ್ನು ಫ್ರಾನ್ಸಿನ ವೆರ್ನೂಯ್ 1902ರಲ್ಲಿ ಪ್ರಕಟಿಸಿದನು. ಭೂತಗನ್ನಡಿಯಲ್ಲಿ ಒಳಗೆ ಬಾಗಿದ ಗೆರೆಗಳು ಕಂಡರೆ ಅದು ಆ ಬಗೆಯ ಕಲ್ಲು. ಗುಂಡಿನ ಸರದ ಗುಂಡುಗಳೊಳಗೆ ಅರಗು ತುಂಬುವ ಪದ್ಧತಿ ಹಳೆಯದಾದರೂ ಇಂದಿಗೂ ಇರುವುದರಿಂದ ಅದು ಕಾಲಸೂಚಕವಲ್ಲ.

ಪೆಟ್ಟಿಗೆ, ಚೀಟಿ ಮತ್ತು ರಸೀದಿ

ಅಂಗಡಿಯ ಡಬ್ಬಿ, ಕೈಚೀಲ ಮತ್ತು ರಸೀದಿಗಳ ಮೇಲಿನ ವಿಳಾಸ ಈ ಪ್ರದೇಶದಲ್ಲಿ ವಿಶೇಷವಾಗಿ ಉಪಯುಕ್ತ. 'ಮೈಸೂರು ರಾಜ್ಯ' ಎಂಬುದು 1973ರ ನವೆಂಬರ್ 1ರ ನಾಮಕರಣಕ್ಕೆ ಹಿಂದಿನದು. ಪಿನ್ ಸಂಖ್ಯೆ (ದಾವಣಗೆರೆಗೆ 577001, ಹರಿಹರಕ್ಕೆ 577601) ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಎರಡೂ ಊರುಗಳು 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ರೂಪಾಯಿಯ ಹೊಸ ಚಿಹ್ನೆ 2010ರದು. ಜಿಎಸ್‌ಟಿ ಸಂಖ್ಯೆ 2017ರ ಜುಲೈ ನಂತರದ್ದು. ಉದಾಹರಣೆಗೆ, 'ದಾವಣಗೆರೆ 577001, ಚಿತ್ರದುರ್ಗ ಜಿಲ್ಲೆ, ಕರ್ನಾಟಕ' ಎಂದು ಅಚ್ಚಾದ ಡಬ್ಬಿ 1973ರ ನವೆಂಬರ್ ಮತ್ತು 1997ರ ಆಗಸ್ಟ್ ನಡುವಿನದಾಗಿರುವ ಸಂಭವ ಹೆಚ್ಚು. ಅಂಗಡಿಗಳು ಹಳೆಯ ಡಬ್ಬಿಗಳನ್ನು ಮುಗಿಯುವವರೆಗೆ ಬಳಸುತ್ತಿದ್ದುದರಿಂದ ಮೇಲಿನ ಮಿತಿಗೆ ಕೆಲವು ವರ್ಷ ಸೇರಿಸಿಕೊಳ್ಳಬೇಕು. ಡಬ್ಬಿಯ ಕಾಲ ಒಳಗಿನ ಒಡವೆಯ ಕಾಲವೆಂದೂ ಭಾವಿಸಲಾಗದು.

ಛಾಯಾಚಿತ್ರದ ಸಾಕ್ಷ್ಯ

ಮದುವೆಯ ಭಾವಚಿತ್ರದಲ್ಲಿ ಒಡವೆ ಕಂಡರೆ ಅದು ಉತ್ತರಮಿತಿಯನ್ನು ಕೊಡುತ್ತದೆ. ಆ ಹೊತ್ತಿಗೆ ಒಡವೆ ಇತ್ತೆಂಬುದು ನಿಶ್ಚಿತ. ಅದು ಆಗಲೇ ಅತ್ತೆಯಿಂದ ಬಂದ ಹಳೆಯ ಒಡವೆ ಆಗಿದ್ದಿರಬಹುದು, ಎರವಲು ತಂದದ್ದೂ ಆಗಿದ್ದಿರಬಹುದು. ಕುಬುಸದ ತೋಳಿನ ಉದ್ದ, ಗಂಟು ಕಟ್ಟುವ ರೀತಿ, ಹುಕ್ಕಿನ ಬಳಕೆ ಮುಂತಾದವು ಊರು, ಸಮುದಾಯ ಮತ್ತು ವಯಸ್ಸಿಗೆ ತಕ್ಕಂತೆ ಬದಲಾಗುತ್ತಿದ್ದುದರಿಂದ ಇತರ ಆಧಾರಗಳೊಡನೆ ಮಾತ್ರ ಬಳಸತಕ್ಕವು.

ಮಹತ್ವ ಮತ್ತು ಸಂರಕ್ಷಣೆ

ಹಳೆಯ ಒಡವೆಯನ್ನು ಕರಗಿಸಿದಾಗ ಲೋಹದ ಬೆಲೆ ಮಾತ್ರ ಉಳಿಯುತ್ತದೆ. ಜರಿ ಸೀರೆಯನ್ನು ಬೆಳ್ಳಿಗಾಗಿ ಸುಟ್ಟಾಗ ನೇಯ್ಗೆಯ ದಾಖಲೆ ಅಳಿಯುತ್ತದೆ. ಮುಚ್ಚಿಹೋದ ಗಿರಣಿಯ ಅಚ್ಚುಳ್ಳ ಒಂದು ತುಂಡು ಬಟ್ಟೆ ದಾವಣಗೆರೆಯ ಕೈಗಾರಿಕಾ ಚರಿತ್ರೆಗೆ ನೇರ ಸಾಕ್ಷ್ಯ. ಆದುದರಿಂದ ಮಾರುವ ಅಥವಾ ಕರಗಿಸುವ ಮುನ್ನ ಮುದ್ರೆ, ಅಚ್ಚು, ತಿರುಪು ಮತ್ತು ಹಿಂಬದಿಗಳ ಚಿತ್ರ ತೆಗೆದು, ತೂಕ ಹಾಗೂ ಯಾರಿಂದ ಬಂದದ್ದೆಂಬ ವಿವರವನ್ನು ಬರೆದಿಡುವುದು ಅಪೇಕ್ಷಣೀಯ. ಹೊಳಪಿಗಾಗಿ ತಿಕ್ಕುವುದರಿಂದ ಮುದ್ರೆ ಸವೆಯುತ್ತದೆ. ನೂರು ವರ್ಷಕ್ಕೂ ಹಳೆಯ ಕಲಾಕೃತಿಗಳಿಗೆ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ಅನ್ವಯವಾಗುತ್ತದೆ. ಅಂತಹವನ್ನು ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ.